ಬೇಲಿಯಾಚೆಯ ಲೆಕ್ಕ

ಬಲೂನು ಒಡೆದು ಪೆಟ್ಟಿಗೆ ಬಿದ್ದದ್ದು
ಲೆಮ್ಮೆನ್‌ಯೋಕಿ ನದಿಯಾಚೆ, ಊಲಾನ ದೊಡ್ಡಿಯ ಹತ್ತಿರ.
ಅವನೇ ಫೋನು ಮಾಡಿದ್ದ:
"ನಿಮ್ಮದೊಂದು ಬಿಳಿ ಡಬ್ಬ ಮೈನಸ್ ಮೂವತ್ತೊಂದರಲ್ಲಿ
ಇನ್ನೂ ಟಿಕ್ ಟಿಕ್ ಅನ್ನುತ್ತಿದೆ. ನಾಯಿಗೆ ಇಷ್ಟವಾಗಿಲ್ಲ."

ನಾನು ಹೋದಾಗ ಹಿಮಸಾರಂಗಗಳನ್ನು ದೊಡ್ಡಿಗೆ ತುಂಬಿದ್ದರು.
ಅಪ್ರದಕ್ಷಿಣೆ ಸುತ್ತುತ್ತಿದ್ದವು, ಎಲ್ಲವೂ ಒಂದೇ ದಿಕ್ಕು,
ಯಾರು ಹೇಳಿಕೊಟ್ಟರೋ.
ನನಗೆ ನಗು ಬಂತು. ಉತ್ತರ ಧ್ರುವದ ನೆತ್ತಿಯಿಂದ ಬಗ್ಗಿ ನೋಡಿದರೆ
ನನ್ನವೂ ಹೀಗೇ, ಇದೇ ಸುತ್ತು.

"ನಿನ್ನವು ಅಂದರೆ?"

ಎಲೆಕ್ಟ್ರಾನುಗಳು, ಅಂದೆ.
ಹತ್ತು ನಿಮಿಷಕ್ಕೆ ಭೂಮಿಯನ್ನೇ ಬಳಸಿ ಬರುವವು,
ಬಳಸುತ್ತಲೇ ಉತ್ತರಕ್ಕೂ ದಕ್ಷಿಣಕ್ಕೂ ಎಗರಾಡುವವು.
ಬೇಲಿ ಕಣ್ಣಿಗೆ ಕಾಣದು, ಕಾಂತದ್ದು.
ಮೊನ್ನೆ ಸೂರ್ಯನ ಗಾಳಿ ಜೋರಾಗಿ ಬೀಸಿತು ನೋಡು,
ಬೆಳಿಗ್ಗೆ ಎಣಿಸಿದರೆ ನೂರಕ್ಕೆ ತೊಂಬತ್ತು ಇಲ್ಲ.

ಊಲಾ ಕೈಗವಸು ತೆಗೆದ. ಇದು ಅವನ ವಿಷಯ.
"ಇಲ್ಲ ಅನ್ನುವುದರಲ್ಲಿ ಮೂರು ತರಹ.
ಹೋದ ವರ್ಷ ನಲವತ್ತಾರು ಇರಲಿಲ್ಲ ನನಗೆ.
ಒಂದಿಷ್ಟು ತೋಳನ ಪಾಲು.
ಒಂದಿಷ್ಟು, ಗಡಿಬೇಲಿ ಹಿಮದಲ್ಲಿ ಹೂತಾಗ
ನಾರ್ವೆಗೆ ದಾಟಿದವು.
ಮಿಕ್ಕವು ಎಲ್ಲಿಗೂ ಹೋಗಿರಲಿಲ್ಲ,
ಹಿಂದಿನ ಗುಡ್ಡದಲ್ಲಿ ಕಲ್ಲುಹೂವು ಕೆದರುತ್ತಿದ್ದವು."

ಇಷ್ಟನ್ನು ಹೇಳಲು ನಾವು ಅರವತ್ತು ವರ್ಷ ತಿಣುಕಿದ್ದೇವೆ, ಊಲಾ.
ಹಗಲಿನ ಕಡೆಯ ಬೇಲಿ ಒಳಸರಿದದ್ದು ಗೊತ್ತಿಲ್ಲದೆ
ಸುತ್ತು ಮುಗಿಸಲು ಹೋಗಿ ಬಯಲ ಪಾಲಾದವು ಕೆಲವು.
ಕೆಲವು, ಕಾಂತ ಸಡಿಲಾದಾಗ ಕಸುವು ತಗ್ಗಿ ದೂರ ನಿಂತು
ನಾಲ್ಕು ದಿನಕ್ಕೆ ತಾವಾಗಿ ಬಂದವು.
ಕೆಲವು ಕೆಳಗೆ.

ಕೆಳಗೆ ಬೀಳುವವಕ್ಕೇ ಈ ಡಬ್ಬ.
ಮುಂಜಾವಕ್ಕೆ ಅಲ್ಲಿ ಒಂದು ಅಲೆ ಏಳುತ್ತದೆ,
ರೇಡಿಯೋದಲ್ಲಿ ಕೇಳಿದರೆ ಥೇಟು ಹಕ್ಕಿಗಳ ಚಿಲಿಪಿಲಿ.
ಜನವರಿಯಲ್ಲಿ! ಒಂದು ರೆಕ್ಕೆಯೂ ಅಲ್ಲಾಡದ ಊರಲ್ಲಿ!
ಒಂದೊಂದು ಉಲಿಗೂ ಒಂದು ಹಿಂಡು ದಾರಿ ತಪ್ಪಿ
ಎಗರಿದ್ದು ಹಿಂದಕ್ಕೆ ಚಿಮ್ಮದೆ, ಗಾಳಿಗೆ ಡಿಕ್ಕಿ.
ಬಲೂನಿನವರೆಗೆ ಅವು ಬರುವುದೇ ಇಲ್ಲ.
ಬರುವುದು ಡಿಕ್ಕಿಯ ಎಕ್ಸ್‌ರೇ ಮಾತ್ರ,
ಹೆಣ ಸಿಗದ ಮನೆಗೆ ಬರುವ ಫೋನಿನ ಹಾಗೆ.

ನಾಯಿ ಡಬ್ಬ ಮೂಸಿ ಸೀನಿತು.

"ತೋಳ ತಿಂದದ್ದಕ್ಕೆ ಸರ್ಕಾರ ದುಡ್ಡು ಕೊಡುತ್ತೆ," ಅಂದ ಊಲಾ,
"ಕಿವಿ ತೋರಿಸಬೇಕು. ಗುರುತು ಕೊಯ್ದ ಕಿವಿ."
ನನ್ನವಕ್ಕೆ ಕಿವಿ ಎಲ್ಲಿಯದು,
ಒಂದರ ಹಾಗೇ ಇನ್ನೊಂದು, ಎಲ್ಲ ಒಂದೇ ಅಚ್ಚು.
ಎಷ್ಟು ಬಿದ್ದವು ಎಂದು ಹೇಳಿಯೇನು.
ಯಾವುದು ಎಂದು ಹೇಳಲಾರೆ.

ರಾತ್ರಿ ಅಲ್ಲೇ ಉಳಿದೆ. ಕಾಫಿಗೆ ಚೀಸಿನ ತುಂಡು ಅದ್ದಿ ಕೊಟ್ಟ.
ಸಾರಂಗ ಹೆಜ್ಜೆ ಎತ್ತಿದಾಗಲೆಲ್ಲ ಕಾಲಿನ ನರ ಟಿಕ್ ಅನ್ನುತ್ತದೆ,
ದೊಡ್ಡಿ ತುಂಬ ಅದೇ ಸದ್ದು, ನನ್ನ ಮಡಿಲ ಡಬ್ಬದೊಳಗೂ.
ಬೆಳಗಿನ ಜಾವ ಐದಕ್ಕೆ ಪೈನ್ ಮರಗಳ ಮೇಲೆ
ಮಾಸಿದ ಹಸಿರು ತೇಪೆಗಳು
ಹತ್ತಿ ಆರಿ, ಹತ್ತಿ ಆರಿ.

"ಈಗಲೂ?"
ಈಗಲೂ, ಅಂದೆ.

ಕತ್ತೆತ್ತಿ ನೋಡುತ್ತ ನಿಂತ.
ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಪ್ರಾರ್ಥನೆ ಅಂದುಕೊಂಡೆ.
ಅಲ್ಲ, ಎಣಿಸುತ್ತಿದ್ದ.