ಕಡಾ ತಂದ ಚಾದರ

ನವೀ ಪೇಟದಾಗ ಕೆಳಗ ಚಾದರದ ಅಂಗಡಿ,
ಮ್ಯಾಲ ನಮ್ಮ ಷೇರಿನ ಆಫೀಸು.
ನಾನು ಟರ್ಮಿನಲ್ ಮುಂದ ಕುಂಡ್ರಾಕಿ, ಮಂದಿ ಹೇಳಿದ್ದು ಒತ್ತಾಕಿ.
ನನ್ನದಂತ ಒಂದು ಷೇರೂ ಇಲ್ಲ.

ಶಾರ್ಟ್ ಅಂದ್ರೇನು ಅಂತ ನಮ್ಮವ್ವ ಒಮ್ಮೆ ಕೇಳಿದ್ದಳು.
ಮಗ್ಗಲ ಮನಿ ಚಾದರ ಕಡಾ ತರ್ತಾರವ್ವ,
ಪುಷ್ಯದ ಚಳಿಯಾಗ ಅದನ್ನ ಮಾರಿಬಿಡ್ತಾರ,
ಹೋಳಿ ದಾಟಿ ಬೆಲಿ ಇಳಿದಾಗ ಅಂಥಾದ್ದೇ ಒಂದು ಕೊಂಡು
ಗಳಿಗಿ ಮಾಡಿ ತಿರುಗಿ ಕೊಡ್ತಾರ. ನಡುವಿನ ರೊಕ್ಕ ಅವರದು.
ಚಳಿ ಹೋಗದಿದ್ರ? ಅಂದಳು.
ಹೋಗೇ ಹೋಗ್ತದ ಅನ್ನೂದೇ ಅವರ ಧಂದೆ, ಅಂದೆ.
ಅವ್ವ ಸುಮ್ಮನಾಗಿ, ಆಮ್ಯಾಲ:
ಮಗ್ಗಲ ಮನಿಯಾಕಿ ರಾತ್ರಿ ಏನು ಹೊಚಗೋತಾಳ?

ಬುಧವಾರ ಕಾಶಿರಾಯ ಮೈಂದರ್ಗಿ ಬಂದ.
ಸೀನಾ ಸ್ಪಿನ್ನಿಂಗ್, ಮೂರು ಸಾವಿರ, ಮಾರ್ರಿ, ಅಂದ.
ನಾಲ್ವತ್ತೊಂದಕ್ಕ ಮಾರಿದೆ. ಅವನ ಹಂತೇಲಿ ಇಲ್ಲದ್ದನ್ನ ಮಾರಿದೆ.
ಅವನ ಲೆಕ್ಕ ಸುಳ್ಳಲ್ಲ. ಹೋಟಗಿ ರೋಡಿನ ಆ ಗಿರಣಿ ಗೇಟಿಗೆ
ಎರಡು ವರ್ಷದಿಂದ ಕೀಲಿ, ಚಿಮಣಿ ಸಂದ್ಯಾಗ ಅರಳಿ ಸಸಿ.
ಅವರಪ್ಪ ಅಲ್ಲೇ ಬಾಬಿನ್ ಖಾತ್ಯಾಗ ಇದ್ದಾತ,
ಬಾಕಿ ಪಗಾರ ಇನ್ನೂ ಬಂದಿಲ್ಲ.
ಬೀಳಲಿ ಅಂದ. ಚಹಾ ತರಿಸಿದ.

ಒಂದೂವರಿಗೆ ಯಾರೋ ಹತ್ತು ಸಾವಿರ ಕೊಂಡರು.
ಯಾರು, ಯಾಕ, ನಮಗ ಗೊತ್ತಾಗೂದಿಲ್ಲ.
ನಾಲ್ವತ್ತೆರಡು.
ಕಾಶಿರಾಯನಂಥವರು ರಾಜಕೋಟಿನ್ಯಾಗ ಇದ್ದರು, ಇಚಲಕರಂಜ್ಯಾಗ ಇದ್ದರು,
ಒಬ್ಬರ ಮಾರಿ ಒಬ್ಬರು ಕಂಡವರಲ್ಲ,
ಅಂಜಿದ್ದು ಮಾತ್ರ ಕೂಡಿ.
ಒಬ್ಬ ಅಂಜಿ ಕೊಂಡ, ಬೆಲಿ ಒಂದು ಪಾವಟಿಗಿ ಏರ್ತು.
ಏರಿದ್ದು ನೋಡಿ ಇನ್ನೊಬ್ಬ ಅಂಜಿದ.
ನಾಲ್ವತ್ನಾಕು. ನಾಲ್ವತ್ತಾರು.
ಬಿದ್ದೇ ಬೀಳ್ತದ ಅಂದವರೇ ಹೆಗಲ ಕೊಟ್ಟು ಎತ್ತಾಕತ್ತಿದ್ದರು.
ಚಳಿ ಏನೂ ಹೆಚ್ಚಾಗಿರಲಿಲ್ಲ ಅವ್ವಾ,
ಕಡಾ ತಂದವರೆಲ್ಲ ಕತ್ತಲಾಗೂದರಾಗ
ಒಂದೇ ಅಂಗಡಿಗೆ ಓಡಿಬಂದಿದ್ದರು, ಅಷ್ಟ.

ಎರಡು ಐವತ್ತಕ್ಕ ನಾಲ್ವತ್ತೆಂಟು. ಸರ್ಕಿಟ್.
ಕೊಳ್ಳಾವರ ಸಾಲು ಲಕ್ಷದ ಮ್ಯಾಲ,
ಮಾರಾವರ ಕಡೆ ಸೊನ್ನಿ.
ತಗೋರಿ ಬಾಯಿ, ಎಷ್ಟಕ್ಕಾದ್ರೂ ತಗೋರಿ, ಅಂದ.
ಎಷ್ಟಕ್ಕಾದ್ರೂ ಅನ್ನೂ ಬಟನ್ ನನ್ನ ಕಡೆ ಇರಲಿಲ್ಲ.
ಅವನ ಚಹಾದ ಮ್ಯಾಲ ಕೆನಿ ಕಟ್ಟಿತ್ತು.

ಆಗ ನರಸಮ್ಮ ಚಿಲ್ವೇರಿ ನೆನಪಾದಳು.
ಅಶೋಕ ಚೌಕದ ಹಿಂದ, ಬೀಡಿ ಕಟ್ಟಾಕಿ.
ಬೋನಸ್ಸಿನ ಬದಲಿ ಗಂಡಗ ಗಿರಣಿ ಕೊಟ್ಟ ನಾನೂರು ಷೇರು,
ಡಿಮ್ಯಾಟ್ ಮಾಡಿಸಿಕೊಟ್ಟಾಕಿ ನಾನೇ.
ಫೋನ್ ಹಚ್ಚಿದೆ. ಇವತ್ತ ಮಾರಿಬಿಡ್ರಿ ಅಮ್ಮಾ, ನಾಲ್ವತ್ತೆಂಟದ.
ಆ ಕಡೆ ಎಲಿ ಕತ್ತರಸೂ ಸಪ್ಪಳ ನಿಂತಿತು.
ಏರ್ಯಾದ? ಹಂಗಾದ್ರ ಗಿರಣಿ ಸುರು ಮಾಡ್ತಾರೇನವ್ವ?

ಅದು ಸಾಯ್ತದ ಅಂತ ಪಣಾ ಕಟ್ಟಿದವರು
ಓಡೂವಾಗ ಎದ್ದ ಧೂಳಿ ಅದು, ಅಂತ
ಫೋನಿನ್ಯಾಗ ಹೆಂಗ ಹೇಳೂದು?
ಬಾಜೂಕ ಕಾಶಿರಾಯ ಎರಡೂ ಕೈಲಿ ಟೇಬಲ್ ಹಿಡದು ನಿಂತಿದ್ದ.
ಇರಲಿ ತಗಿ, ಅಂದಳು.
ಸುರು ಆಗೂ ಹೊತ್ತಿಗೆ ಮಾರಿದ್ರ ಮ್ಯಾಲ ಕುಂತು ನಗ್ತಾನ ನನ್ನ ಗಂಡ.

ಮರುದಿನ ಹರಾಜಿನ್ಯಾಗ, ಐವತ್ಮೂರರಂಗ, ಅವನ ಲೆಕ್ಕ ಹರೀತು.
ಶುಕ್ರವಾರಕ್ಕ ಅಂಜಾವರೆಲ್ಲ ತೀರಿದ್ದರು,
ಕೊಳ್ಳಾಕ ಯಾರೂ ಉಳಿದಿರಲಿಲ್ಲ.
ನಾಲ್ವತ್ತೊಂದು. ಸೋಮವಾರ ಮೂವತ್ತಾರು.
ನಾ ಹೇಳಿದ್ದಿಲ್ಲೇನ್ರಿ? ಅಂದ ಕಾಶಿರಾಯ, ಸಹಿ ಮಾಡ್ತಾ.
ಹೇಳಿದ್ದ. ಖರೇನೂ ಹೇಳಿದ್ದ.
ಎರಡು ದಿನ ಲಗೂ.

ನರಸಮ್ಮನ ಓಣಿ ಹಾಯ್ದೇ ನಾನು ಆಫೀಸಿಗೆ ಬರೂದು.
ಮುಂಜಾನೆ ಎಂಟಕ್ಕ ಬಾಗಲಾಗ ನಿಂತಿದ್ದಳು,
ಬಗಲಾಗ ಬೀಡಿಯ ಮರ, ತಲಿ ಒಂದು ಕಡೆ ವಾಲಿಸಿ.
ತಡಿ, ಅಂದಳು, ಭೋಂಗಾ ಕೇಳಿಸ್ತೇನ?
ಹೈವೇದಾಗ ಯಾವದೋ ಟ್ರಕ್ಕು ಹಾರ್ನ್ ಹೊಡಕೋತ ಹೊಂಟಿತ್ತು,
ಭಾಳ ಹೊತ್ತು ಹೊಡೀತು.