ಮಗ್ಗಲಾ ಹೊಳ್ಳಿಸಿದವರ ಯಾರು

ಆ ಪಿಚ್ಚರ್ ಬಗ್ಗೆ ನನ್ನ ಕೇಳಬ್ಯಾಡ ಸಂಗನಬಸು.
ನೀ ತಿಕೀಟ ತಗದಿ, ಚುರಮುರಿ ಕೊಡಿಸಿದಿ,
ಆ ಋಣಕ್ಕ ಎರಡೂವರಿ ತಾಸ ಸುಮ್ಮನ ಕುಂತೆ.
ಈಗ ಬಸ್‌ಸ್ಟ್ಯಾಂಡಿನಾಗ ನಿಂತ
ಹ್ಯಾಂಗಿತ್ತ ದೊಡ್ಡವ್ವಾ ಅಂದ್ರ
ಖರೇನ ಹೇಳಬೇಕಾಗತೈತಿ.

ಹನ್ನೊಂದ ವರ್ಷ ಅಂವ ಕುರ್ಚಿ ಮ್ಯಾಲ ಒರಗ್ಯಾನ,
ಕಣ್ಣಿಗೆ ಕರೇ ಚಸ್ಮಾ.
ಒಳಗ ಕುದುರಿ ಏರ್ತಾನ, ಗಾಜಿನ ಊರಿನ ಮ್ಯಾಲ ಹಾರ್ತಾನ,
ಒಂದ ಹುಡುಗಿ, ಎರಡ ಯುದ್ಧ.
ಹಾರಲಿ ಬಿಡು, ನಮ್ಮದೇನ ಹೋತು.
ಇತ್ತ ಕುರ್ಚಿ ಮ್ಯಾಲಿನ ಮೈ ಯಾರ ಕೈಯಾಗಿತ್ತು?
ಉಗುರ ತಗದವರ ಯಾರು?
ಮಗ್ಗಲಾ ಹೊಳ್ಳಿಸಿದವರ ಯಾರು?

ನಮ್ಮ ವಾರ್ಡಿನ ಏಳನೇ ಕಾಟಿನಾಗ
ಹುನಗುಂದ ಕಡೆಯ ಮಾಳಪ್ಪ,
ಟ್ರ್ಯಾಕ್ಟರ್ ಮಗಚಿ ಒಂಬತ್ತ ತಿಂಗಳಾತು,
ಚಸ್ಮಾ ಇಲ್ಲದ ಎಲ್ಲಿಗೋ ಹೋಗ್ಯಾನ.
ಎರಡ ತಾಸಿಗೊಮ್ಮೆ ಎಡಮಗ್ಗಲಾ, ಅಂಗಾತ, ಬಲಮಗ್ಗಲಾ.
ಒಂದ ಸರ್ತಿ ತಪ್ಪಿತಂದ್ರ
ಸೊಂಟದ ಕೆಳಗ ಕೆಂಪ ರೂಪಾಯಿ ಮೂಡತೈತಿ,
ಮರದಿನ ಅದು ಕರ್ರಗ,
ಮೂರನೇ ದಿನ ಅದಕ್ಕ ಬಾಯಿ ಬರತೈತಿ.
ಹಿಮ್ಮಡದ ಬುಡಕ ನೀರ ತುಂಬಿದ ಕೈಗವಸ ಇಡತೇವಿ.
ನಿಮ್ಮ ಹೀರೋನ ಹಿಮ್ಮಡಾ ಒಮ್ಮಿಯೂ ತೋರಸಲಿಲ್ಲ.
ಹನ್ನೊಂದ ವರ್ಷಕ್ಕ ಚಸ್ಮಾ ಕಿತ್ತ ಒಗದ
ಕಿಡಕಿ ಜಿಗದ ಓಡಿದ್ನಲ್ಲ,
ನಾ ನಕ್ಕೆ. ಮುಂದಿನ ಸಾಲಿನಾವ ಹೊಳ್ಳಿ ನೋಡಿದ.
ಮಾಳಪ್ಪನ ಒಂದ ಮಂಡಿ ಮಡಚಾಕ
ನಾನೂ ಎಸ್ತರ್ ಸಿಸ್ಟರೂ ಇಬ್ಬರ ಬೇಕು.

ಆಮ್ಯಾಲ ಆ ಭಾಷಣ.
ಹೊರಗ ಬರ್ರಿ, ಖರೇ ಜಗತ್ತ ಚಂದ ಐತಿ ಅಂತ.
ಹಿಂದ ಸಮುದ್ರ, ಪಿಟೀಲು.
ಅಂವ ಹೊರಗ ಬಂದ್ರ ಅವಗ ಸಮುದ್ರ ಐತಿ.
ಅದ ಚಸ್ಮಾದ ಕಾರ್ಖಾನಿಯಾಗ ವಯರ್ ಜೋಡಸೂ ಹುಡುಗಿ
ಒಂದ ಮಿನಿಟ ಬಂದ್ಲು, ಮುಖದ ಮ್ಯಾಲ ಬೆಳಕಿಲ್ಲ.
ಓಡಿ ಹೋಗೂದು ತಪ್ಪು ಅಂತ ಎಲ್ಲಾರಿಗೂ ಬೈದ್ರು.
ಯಾತರಿಂದ ಅಂತ ಆಕಿನ್ನ ಕೇಳಿದ್ರ
ಬ್ಯಾರೇ ಪಿಚ್ಚರ್ ಆಗತಿತ್ತು.

ಇರಲಿ. ನಾನೇನ ಸಾಚಾ ಅಲ್ಲ.
ರಾತ್ರಿ ಮೂರಕ್ಕ, ಸಲೈನ್ ಹನಿ ಎಣಿಸೂ ಹೊತ್ತಿನಾಗ
ನಾನೂ ಹೋಗತೇನಿ,
ಹಿನ್ನೀರಿನ ಕೆಳಗಿನ ನಮ್ಮ ಓಣಿಗೆ.
ನವನಗರದಾಗ ಸೆಕ್ಟರ್ ನಂಬರ್ ಕೊಟ್ರು;
ಅಲ್ಲಿ ಗಟಾರಕ್ಕೂ ಬಣ್ಣ ಇತ್ತು,
ಸೋಮವಾರ ನೀಲಿ, ಮಂಗಳವಾರ ಕುಂಕುಮ.
ಸೀಮೆಎಣ್ಣಿ ಪಾಳಿ, ಹಸೀ ನೂಲಿನ ಗಂಜಿ ವಾಸನಿ.
ನಿಮ್ಮ ಗಾಜಿನ ಊರಿಗೆ ವಾಸನೀನ ಇರಲಿಲ್ಲ ನೋಡು.
ಕಟ್ಟಿದವಗ ಮೂಗ ಇರಲಿಲ್ಲೋ, ರೊಕ್ಕ ಮುಗದಿತ್ತೋ.

ಆದ್ರ ನನ್ನ ಊರೂ ಪೂರಾ ಇಲ್ಲ.
ಹಿಟ್ಟಿನ ಗಿರಣಿ ದಾಟಿ ಎಡಕ್ಕ ಹೊಳ್ಳಿದ್ರ ಏನಿತ್ತು?
ಪ್ರತಿ ಸರ್ತಿ ಅಲ್ಲೊಂದ ಬರೇ ಗ್ವಾಡಿ.
ಅವರಿವರನ್ನ ಕೇಳಿ ಒಂದ ಪಾನ್ ಅಂಗಡಿ ತಂದ ಇಟ್ಟೇನಿ,
ಒಳಗ ಕುಂತಾವಗ ಮುಖಾ ಇಲ್ಲ.
ಅವ್ವ ಬಾಗಲಾಗ ನಿಂತಿರತಾಳ
ಫೋಟೋದಾಗ ನಿಂತಾಂಗ, ಅದ ಸೀರಿ,
ಕರದ್ರ ಬರಾಂಗಿಲ್ಲ, ಬೈಯಾಂಗಿಲ್ಲ.
ಅಷ್ಟರಾಗ ನಾಕ ಆಗತೈತಿ,
ಮಾಳಪ್ಪನ ಬಲಮಗ್ಗಲಾ.

ತಡಿ, ಒಂದ ಮಾತ ಉಳೀತು.
ಆ ಹುಡುಗಿ ಚಸ್ಮಾ ತಗದಾಗ
ಮೂಗಿನ ಎರಡೂ ಕಡೆ ಕೆಂಪ ಗುರ್ತ,
ಬೆರಳಿಲೆ ತಿಕ್ಕೊಂಡ್ಲು, ಎರಡ ಸೆಕೆಂಡ ಇರಬೇಕು.
ಅಷ್ಟನ್ನ ಬರದಾವ ಯಾವನೋ
ಎಂದೋ ಯಾರದೋ ಮೈ ತೊಳದಾನ.

ಇವತ್ತ ರಾತ್ರಿ ಪಾಳಿ ನನ್ನದು.
ಮಾಳಪ್ಪಗ ಕಥಿ ಹೇಳಬೇಕು,
ಹೀರೋನ ಬೆನ್ನಿಗೆ ನಾನ ಒಂದ ಹುಣ್ಣ ಕೂಡಿಸಿ.
ಆಮ್ಯಾಲ ಕಿವೀಗೆ ಬಗ್ಗಿ ಕೇಳತೇನಿ:
ನೀ ಇದ್ದಲ್ಲಿ ವಾಸನಿ ಬರತೈತೇನೋ ತಮ್ಮಾ?

ಬಂತ ನೋಡ ಬಸ್ಸು. ಚೀಲಾ ಹಿಡಿ.
ನನಗ ಪುಕ್ಕಟ ಐತಿ, ನಿನಗೊಂದ ತಿಕೀಟ ತಗಿ.