ಎಡಗೈ ತಿರುಪು

ಹೆಸರಿನ ತುದಿಯಲ್ಲಿ ಗೌರಿಯಿದ್ದಾಳೆ ಅಷ್ಟೇ,
ಮಟಗೌರಿ ಎಂಬ ಆ ಗಿಡದ ಮೈಯೆಲ್ಲ ಮುಳ್ಳು.
ಒಟಾಗೊದ ಬೆಟ್ಟಗಳಲ್ಲಿ ಕುರಿಯ ಉಣ್ಣೆ, ನಾಯಿಯ ಕಿವಿ,
ನೈರೀಯ ಮೂರು ಮಳೆಯಂಗಿ ಅದಕ್ಕೆ ಸಂದಾಯವಾಗಿವೆ.
ಹಾಗಾಗಿ, ಮುಂದಿನ ಬಲ ಗಾಲಿಯ ಒಳಮೈಗೆ
ಕಪ್ಪು ಗ್ರೀಸು ಎರಚಿದ್ದು ಕಂಡಾಗ
ಅವಳು ಗಿಡವನ್ನೇ ಬೈದಳು.

ಏಪ್ರಿಲ್ ತಿಂಗಳು. ಇಲ್ಲಿ ಅದು ಎಲೆ ಹಣ್ಣಾಗುವ ಕಾಲ.
ಗುರುವಾರ ಮೇಲಿನ ಹುಲ್ಲುಗಾವಲಿನಿಂದ
ಎಂಟುನೂರು ಮೆರಿನೊ ಇಳಿಯಬೇಕು, ಹಿಮ ಇಳಿಯುವ ಮೊದಲು.
ಇವತ್ತು ಮಂಗಳವಾರ.
ಗಾಡಿ ತಿರುಗಿಸಿದಾಗೆಲ್ಲ ಟಕ್ ಟಕ್ ಟಕ್,
ಗೋಡೆಯ ಹಲ್ಲಿ ಲೊಚಗುಟ್ಟಿ ಶಕುನ ನುಡಿದ ಹಾಗೆ.

ಜ್ಯಾಕ್ ಏರಿಸಿ ಗಾಲಿ ಕಳಚಿದಳು.
ತುಕ್ಕು ಹಿಡಿದ ಕಾಟರ್ ಪಿನ್ನಿನ
ಒಂದು ಕಾಲು ಮುರಿದು ಅಲ್ಲೇ ಉಳಿಯಿತು.
ನಟ್ಟು ಬಿಚ್ಚಿ, ಮೇಲಿನ ತೋಳು ಸಡಿಲಿಸಿ,
ಡ್ರೈವ್ ಶಾಫ್ಟನ್ನು ಎರಡೂ ಕೈಯಲ್ಲಿ ಜಗ್ಗಿದಳು.
ಬಂತು, ನೆಲದಿಂದ ಗೆಣಸು ಬಂದ ಹಾಗೆ.

ಬೂಟು ಅನ್ನುತ್ತಾರೆ, ಕಾಲಿಗೆ ಹಾಕುವಂಥದ್ದಲ್ಲ.
ಕುಲುಮೆಯ ತಿದಿಯಂತೆ ಮಡಿಕೆ ಮಡಿಕೆ ರಬ್ಬರು,
ಒಳಗಿನ ಆರು ಗುಂಡುಗಳಿಗೆ ಗ್ರೀಸು ಕಾಯುವ ಚೀಲ.
ಗಾಲಿ ಹೇಗೆ ಕುಣಿದರೂ ಬಾಗಿ, ಹಿಗ್ಗಿ,
ಹೊರಗಿನ ಧೂಳನ್ನು ಹೊರಗೇ ಇಡುವುದಷ್ಟೇ ಅದರ ಉದ್ಯೋಗ.

ಒರೆಸಿ ನೋಡಿದಳು. ಸೀಳು ಮುಳ್ಳಿನದಲ್ಲ.
ನೆಟ್ಟಗೆ, ದರ್ಜಿ ಗೆರೆ ಎಳೆದಷ್ಟು ನೆಟ್ಟಗೆ,
ಉದ್ದಕ್ಕೂ ಅಂಟು ಬಿಟ್ಟುಕೊಂಡಿತ್ತು.
ಶಾಫ್ಟು ಬಿಚ್ಚಲು ಸೋಮಾರಿಯಾದವರು
ಹೊರಗಿನಿಂದ ಸುತ್ತಿ ಅಂಟಿಸುವ ಅಗ್ಗದ ಬೂಟು.
ಅವಳು ಎಂದೂ ಅದನ್ನು ಕೊಂಡವಳಲ್ಲ.
ಕ್ಲಾಂಪಿನ ಜಾಗದಲ್ಲಿ ಬೇಲಿಯ ತಂತಿ,
ಮೂರು ಸುತ್ತು, ಬಾಲ ಒಳಕ್ಕೆ ಮಡಚಿ,
ತಿರುಪಿದ್ದು ಎಡಕ್ಕೆ.

ಈ ಕಣಿವೆಯಲ್ಲಿ ತಂತಿಯನ್ನು ಎಡಕ್ಕೆ ತಿರುಪುವವನು ಒಬ್ಬನೇ.
ಎರಡೂ ಜಮೀನಿನ ನಡುವೆ ಆರು ಕಿಲೋಮೀಟರ್ ಬೇಲಿ
ಆ ತಿರುಪುಗಳ ಮೇಲೇ ನಿಂತಿದೆ.
ಡೂಗಲ್ಡ್ ಮೆಕ್‌ಆಸ್ಕಿಲ್.
ಫೆಬ್ರವರಿಯಲ್ಲಿ ಎರಡು ದಿನಕ್ಕೆಂದು ಒಯ್ದ ಗಾಡಿಯನ್ನು
ಐದನೆಯ ದಿನ ತಂದು ನಿಲ್ಲಿಸಿದ್ದ,
ತೊಳೆದು. ಆಗಲೇ ಅನುಮಾನ ಬರಬೇಕಿತ್ತು.
ತನ್ನ ಟ್ರಕ್ಕನ್ನೇ ತೊಳೆದವನಲ್ಲ ಡೂಗಲ್ಡ್.

ಫೋನು ಕೈಗೆತ್ತಿಕೊಂಡಳು. ಗ್ರೀಸು ಮೆತ್ತಿತು. ಇಟ್ಟಳು.

ಸೀಮೆಎಣ್ಣೆಯ ತಟ್ಟೆಯಲ್ಲಿ ಗುಂಡುಗಳನ್ನು ತೊಳೆದರೆ
ತಳದಲ್ಲಿ ಕೂತದ್ದು ಹೊಳೆಯ ಮರಳು,
ಅಭ್ರಕ ಬೆರೆತು ಮಿನುಗುವಂಥದು.
ಅದು ಅವನ ಕಡೆಯ ಹೊಳೆ. ಅವಳ ಕಡೆ ಬರೀ ಜೇಡಿ.
ಮರಳನ್ನು ಒಳಗೇ ಬಿಟ್ಟು ಬಾಗಿಲು ಅಂಟಿಸಿದ್ದಾನೆ ಮಹಾರಾಯ.
ಪುಣ್ಯಕ್ಕೆ ಗುಂಡುಗಳು ಇನ್ನೂ ನುಣ್ಣಗಿದ್ದವು,
ಒಂದರ ಮೇಲೆ ಮಾತ್ರ ಉಗುರು ತಾಗಿದಷ್ಟು ಗೀರು.

ಶಾಫ್ಟಿನ ಹಲ್ಲು ತಗಲಿ ಹರಿಯದಂತೆ ಟೇಪು ಸುತ್ತಿ
ಹೊಸ ಬೂಟು ಏರಿಸಿದಳು. ಗ್ರೀಸು ತುಂಬಿದಳು.
ಕೊಡತಿಯಿಂದ ಎರಡು ಏಟು,
ಸರ್ಕ್ಲಿಪ್ಪು ಕಟ್ಟೆಂದು ಕೂತಿತು.
ಆಗ ನೋಡುತ್ತಾಳೆ: ಚಿಕ್ಕ ಕ್ಲಾಂಪು
ಬೆಂಚಿನ ಮೇಲೆ ಬಳೆಯಂತೆ ಮಲಗಿದೆ,
ಬೂಟಿಗಿಂತ ಮೊದಲು ಏರಬೇಕಿದ್ದದ್ದು.
ಹಾಳಾಗಿ ಹೋಗು ಎಂದು ಯಾರಿಗೆ ಅಂದಳೋ,
ಬ್ರಾಕನ್ ಎಂಬ ನಾಯಿ ಎದ್ದು ಹೊರಗೆ ಹೋಯಿತು.
ಮತ್ತೆ ಮೊದಲಿನಿಂದ.

ಈ ಸಲ, ದೊಡ್ಡ ಕ್ಲಾಂಪು ಬಿಗಿಯುವ ಮುಂಚೆ,
ಸ್ಕ್ರೂಡ್ರೈವರಿನ ತುದಿಯಿಂದ ಅಂಚನ್ನು ಚೂರೇ ಎತ್ತಿ
ಮೆಲ್ಲಗೆ ಅದುಮಿದಳು. ಪುಸ್ಸೆಂದು ಗಾಳಿ ಬಂತು,
ಹಾಲು ಕುಡಿದ ಕೂಸಿನ ಬೆನ್ನು ತಟ್ಟಿ ತೇಗಿಸಿದ ಹಾಗೆ.

ಕತ್ತಲಾದ ಮೇಲೆ ಕೊಟ್ಟಿಗೆಯ ಮುಂದೆ
ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು.
ಹಲ್ಲಿ ಸುಮ್ಮನಿತ್ತು.

ಹರಿದ ಬೂಟನ್ನು ಒಯ್ದು ಡೂಗಲ್ಡನ ಗೇಟಿನ ಕಂಬಕ್ಕೆ
ಅದೇ ತಂತಿಯಿಂದ ಕಟ್ಟಿ ಬಂದಳು,
ಬಲಕ್ಕೆ ತಿರುಪಿ.

ಗುರುವಾರ ಬೆಳಕು ಹರಿಯುವ ಮುಂಚೆ
ಅಂಗಳದಲ್ಲಿ ಅವನು, ಎರಡು ನಾಯಿ, ಒಂದು ಫ್ಲಾಸ್ಕು.
ಯಾರೂ ಕರೆದಿರಲಿಲ್ಲ.
ಮೇಲೆ ಹಿಮ ಬಿದ್ದ ಹಾಗಿದೆ, ಅಂದ.
ಹೂಂ, ಅಂದಳು.
ಪಕ್ಕದ ಸೀಟಿನ ಮೇಲಿದ್ದ ಇಕ್ಕಳವನ್ನೆತ್ತಿ
ಹಿಂದಕ್ಕೆ ಎಸೆದಳು. ಜಾಗವಾಯಿತು.

ಅರ್ಧ ಬೆಟ್ಟ ಏರುವವರೆಗೂ ಅವನು
ಬಲ ಗಾಲಿಯ ಕಡೆಗೇ ಕಿವಿಯಿಟ್ಟು ಕೂತಿದ್ದ.